ಟೈರ್ ಹುಟ್ಟಿದ ಊರು

ನನಗೊಂದು ಚಟವಿದೆ, ಈ ವಯಸ್ಸಿನಲ್ಲಿ ಇನ್ನು ಬಿಟ್ಟುಹೋಗುವಂಥದ್ದಲ್ಲ. ಯಾರ ಮನೆಗೆ ಹೋದರೂ ಕಾಫಿ ಕುಡಿದಾದ ಮೇಲೆ ಕಪ್ಪನ್ನು ಮಗುಚಿ, ಅದರ ಅಡಿಯಲ್ಲಿ ಏನು ಬರೆದಿದೆ ಎಂದು ಓದುತ್ತೇನೆ. ಸ್ಟೀಲ್ ಲೋಟವಾದರೂ ಸರಿ, ಊಟದ ತಟ್ಟೆಯಾದರೂ ಸರಿ. ಒಮ್ಮೆ ಮದುವೆಮನೆಯಲ್ಲಿ ಹೀಗೇ ಪಾಯಸದ ಬಟ್ಟಲು ಮಗುಚಿ, ತಳದಲ್ಲಿ ಉಳಿದಿದ್ದನ್ನು ಬೀಗಿತ್ತಿಯ ರೇಷ್ಮೆ ಸೀರೆಯ ಮೇಲೆ ಚೆಲ್ಲಿದ್ದೂ ಉಂಟು. ಅವರು ಇಂದಿಗೂ ನಾನು ಹತ್ತಿರ ಹೋಗಿ ಕೂತರೆ ಮಾತು ನಿಲ್ಲಿಸದೆಯೇ ಸೆರಗನ್ನು ಆಚೆ ಎಳೆದುಕೊಳ್ಳುತ್ತಾರೆ.

ಇದು ಕಾನ್ವೆಂಟಿನಿಂದ ಅಂಟಿದ್ದು. ನನ್ನ ತವರೂರು ಮೇಳಿಗೆಯಿಂದ ನನ್ನನ್ನು ಶಿವಮೊಗ್ಗದ ಬೋರ್ಡಿಂಗಿಗೆ ಹಾಕಿದಾಗ ಅಲ್ಲಿ ಜಿಯಾಗ್ರಫಿ ಹೇಳಿಕೊಡುತ್ತಿದ್ದ ಸಿಸ್ಟರ್ ಒಬ್ಬರಿದ್ದರು. ಅವರಿಗೆ ಪುಸ್ತಕದ ಮೇಲೆ ಅಷ್ಟು ನಂಬಿಕೆ ಇರಲಿಲ್ಲ. ಊಟದ ಹಾಲಿಗೆ ಕರೆದುಕೊಂಡು ಹೋಗಿ, ಒಬ್ಬೊಬ್ಬರ ಕೈಗೆ ಒಂದೊಂದು ಪಿಂಗಾಣಿ ತಟ್ಟೆ ಕೊಟ್ಟು, "ಗರ್ಲ್ಸ್, ಟರ್ನ್ ಇಟ್ ಓವರ್" ಅನ್ನುತ್ತಿದ್ದರು. ಅಡಿಯಲ್ಲಿದ್ದ ಊರಿನ ಹೆಸರು ಓದಿ, ಗೋಡೆಯ ಮ್ಯಾಪಿನಲ್ಲಿ ಅದನ್ನು ಹುಡುಕಿ ಬೆರಳಿಡಬೇಕು. ಬಳಸುವ ವಸ್ತು ಎಲ್ಲಿಂದ ಬಂತೆಂದು ಕೇಳದಿರುವುದು ಬ್ಯಾಡ್ ಮ್ಯಾನರ್ಸ್ ಎಂಬುದು ಅವರ ಸಿದ್ಧಾಂತ. ನಮ್ಮ ಕಡೆ ಕೇಳುವುದೇ ಬ್ಯಾಡ್ ಮ್ಯಾನರ್ಸ್. ಈ ಎರಡರ ನಡುವೆ ನನ್ನ ಆಯುಷ್ಯ ಕಳೆಯಿತು.

ಇಷ್ಟು ವರ್ಷ ಈ ಚಟದಿಂದ ಯಾರಿಗೂ ಕಾಸಿನ ಉಪಯೋಗವಾಗಿರಲಿಲ್ಲ. ಈ ಸಲ ಆಯಿತು, ಅದೂ ಮಗುಚಲು ಬಾರದ ಒಂದು ವಸ್ತುವಿನಿಂದ: ಮೋಟಾರ್ ಸೈಕಲ್ಲಿನ ಟೈರ್. ಮೊದಲೇ ಹೇಳಿಬಿಡುತ್ತೇನೆ, ಇದನ್ನು ಬರೆಯುವಾಗಲೂ ನನಗೆ ಸಿಟ್ಟು ಇಳಿದಿಲ್ಲ. ಲಲಿತವಾಗಿ ಬರೆಯಬೇಕು ಎಂದು ಕೂತಿದ್ದೇನೆ. ಎಷ್ಟರಮಟ್ಟಿಗೆ ಆಗುತ್ತದೋ ನೋಡೋಣ.

ನಮ್ಮ ಮನೆಯವರು ದನದ ಡಾಕ್ಟರು. ಅವರು ರಿಟೈರ್ ಆದದ್ದು ಸರ್ಕಾರಕ್ಕೆ ಗೊತ್ತು, ದನಗಳಿಗೆ ಇನ್ನೂ ಗೊತ್ತಾಗಿಲ್ಲ. ಸಾಗರದ ನಮ್ಮ ಮನೆಗೆ ಫೋನ್ ಬರುತ್ತಲೇ ಇರುತ್ತದೆ. ಯಾರದೋ ಹಸು ಕರು ಹಾಕಲಾರದೆ ಒದ್ದಾಡುತ್ತಿದೆ, ಯಾರದೋ ಎಮ್ಮೆ ಮೇವು ಬಿಟ್ಟಿದೆ. ಇವರು ಬ್ಯಾಗು ಹಾಕಿಕೊಂಡು, ಹೆಲ್ಮೆಟ್ಟಿನೊಳಗೆ ತಲೆ ತೂರಿಸಿ, ತಮ್ಮ ಮೋಟಾರ್ ಸೈಕಲ್ ಹತ್ತಿದರೆಂದರೆ ಹೊಸನಗರದ ರಸ್ತೆಯ ತಿರುವುಗಳೆಲ್ಲ ಅವರಿಗೆ ದಾರಿ ಬಿಡುತ್ತವೆ ಎಂದೇ ನಾನು ತಿಳಿದಿದ್ದೆ. ಮದುವೆಯಾದ ಹೊಸದರಲ್ಲಿ ನಾನು ಹಿಂದೆ ಕೂತು, ಒಂದು ಕೈಯಲ್ಲಿ ಔಷಧಿಯ ಡಬ್ಬ, ಇನ್ನೊಂದು ಕೈಯಲ್ಲಿ ಇವರ ಅಂಗಿ ಹಿಡಿದು, ಮಾಸ್ತಿಕಟ್ಟೆಯವರೆಗೂ ಹೋಗಿಬಂದವಳು. ಹನಿಮೂನಿಗೆ ಎಲ್ಲಿ ಹೋದಿರಿ ಎಂದು ಈಗಿನ ಹುಡುಗಿಯರು ಕೇಳಿದರೆ, ಕಾಲುಬಾಯಿ ಜ್ವರ ಬಂದ ಊರುಗಳಿಗೆ ಎಂದು ಹೇಳುತ್ತೇನೆ.

ಕಳೆದ ಚಳಿಗಾಲದಲ್ಲಿ ಇವರು ಬಿದ್ದರು. ಬಟ್ಟೆಮಲ್ಲಪ್ಪದ ಆಚೆ ಒಂದು ತಿರುವಿನಲ್ಲಿ ಹಿಂದಿನ ಚಕ್ರ ಜಾರಿತು. ಮಳೆಯಿಲ್ಲ, ಕೆಸರಿಲ್ಲ, ಎದುರಿಗೆ ಗಾಡಿಯಿಲ್ಲ. ಒಣ ರಸ್ತೆ, ಹಾಡುಹಗಲು. ಭುಜದ ಮೂಳೆ ಮುರಿಯಿತು.

ನೋಡಲು ಬಂದವರೆಲ್ಲ ಮೂಸಂಬಿ ತಂದರು, ಜೊತೆಗೆ ಒಂದೇ ಮಾತನ್ನೂ ತಂದರು: ವಯಸ್ಸಾಯ್ತಲ್ಲ. ಮೂಸಂಬಿಯನ್ನಾದರೂ ಪಕ್ಕದ ಮನೆಗೆ ಹಂಚಬಹುದು, ಈ ಮಾತನ್ನು ಏನು ಮಾಡಲಿ? ಇವರಿಗಿಂತ ಹಿರಿಯರಾದ ಒಬ್ಬರು, ಇಬ್ಬರು ಮೊಮ್ಮಕ್ಕಳ ಹೆಗಲು ಹಿಡಿದು ಮೆಟ್ಟಿಲು ಹತ್ತಿ ಬಂದವರು, ಕುರ್ಚಿಯಲ್ಲಿ ಕೂತು ಉಸಿರು ಹಿಡಿದುಕೊಂಡು ಅದನ್ನೇ ಹೇಳಿದರು. ನಾನು ಕಾಫಿ ಕೊಟ್ಟೆ. ಸಕ್ಕರೆ ಹಾಕಲಿಲ್ಲ.

ಮಗ ಶ್ರೀಧರ ತೀರ್ಥಹಳ್ಳಿಯಿಂದ ಓಡಿ ಬಂದ. ಅವನು ಅಲ್ಲಿ ಕಾಲೇಜಿನಲ್ಲಿ ಫಿಸಿಕ್ಸ್ ಲೆಕ್ಚರರ್. ಘರ್ಷಣೆ ಎಂಬ ಪಾಠವನ್ನು ವರ್ಷಾವರ್ಷ ಮಾಡುವವನು ಟೈರಿನ ಕಡೆ ಕಣ್ಣೆತ್ತಿಯೂ ನೋಡಲಿಲ್ಲ. "ಅಮ್ಮ, ಅಪ್ಪಯ್ಯನಿಗೆ ಇನ್ನು ಗಾಡಿ ಬೇಡ. ಹೋಗ್ಲೇಬೇಕಿದ್ರೆ ಆಟೋ ಕರೀರಿ" ಎಂದು ಹೇಳಿ, ಮೊಳೆಗೆ ತೂಗಿದ್ದ ಕೀ ತೆಗೆದು ಅಂಗಿ ಜೇಬಿಗೆ ಹಾಕಿಕೊಂಡು ತೀರ್ಥಹಳ್ಳಿಗೆ ಹೋದ. ಹೆದರಿದ್ದ ಪಾಪ, ಅದು ನನಗೂ ಕಾಣುತ್ತಿತ್ತು. ಆದರೆ ಹೆದರಿದವರ ದನಿಗೆ ಅಧಿಕಾರ ಎಷ್ಟು ಬೇಗ ಬರುತ್ತದೆ ನೋಡಿ.

ಇಷ್ಟಕ್ಕೂ ನಾನು ಸಿಟ್ಟಾಗಿರಲಿಲ್ಲ. ನನ್ನನ್ನು ಕೆರಳಿಸಿದ್ದು ಇವರೇ. ಮೂಳೆ ಕೂಡಿತು, ಕೈಗೆ ಕಟ್ಟಿದ್ದ ಪಟ್ಟಿ ಬಿಚ್ಚಿದರು. ಒಂದು ಬೆಳಿಗ್ಗೆ ಬಟ್ಟೆಮಲ್ಲಪ್ಪದ ಕಡೆಯಿಂದ ಫೋನ್ ಬಂತು. ಇವರು ಕೇಳಿಸಿಕೊಂಡು, ಬೇರೆ ಯಾರನ್ನಾದರೂ ಕರೆಯಿರಿ, ನನ್ನ ಕೈಲಿ ಇನ್ನಾಗುವುದಿಲ್ಲ ಎಂದು ಹೇಳಿ ಫೋನ್ ಇಟ್ಟರು. ಆಮೇಲೆ ಬಲಗೈಯನ್ನು ಬಿಸಿಲಿಗೆ ಹಿಡಿದು ನೋಡುತ್ತ ಕೂತರು.

"ಕೈ ನಡುಗಿರ್ಬೇಕು ಮಾರಾಯ್ತಿ" ಅಂದರು. "ನಂಗೇ ಗೊತ್ತಾಗ್ದೆ ನಡುಗಿರ್ಬೇಕು."

ಆ ಕೈ ನನಗೆ ಗೊತ್ತು. ಹಸುವಿನ ಹೊಟ್ಟೆಯೊಳಗೆ ತೋಳುದ್ದ ಹೋಗಿ, ಅಡ್ಡ ಸಿಕ್ಕಿದ ಕರುವಿನ ಕಾಲನ್ನು ಕುರುಡಾಗಿ ಹುಡುಕಿ ನೇರ ಮಾಡಿ ಎಳೆಯುವ ಕೈ. ಊರಿನವರು ಹೇಳಿದ್ದನ್ನು ಮೂಸಂಬಿಯ ಜೊತೆ ಇವರೂ ನುಂಗಿಬಿಟ್ಟಿದ್ದರು. ನನಗೆ ಬಂದ ಸಿಟ್ಟು ಎಂಥದ್ದೆಂದರೆ, ಅದನ್ನು ಯಾರ ಮೇಲೆ ಹಾಕಬೇಕೆಂದು ತಿಳಿಯದೆ ಕೊಟ್ಟಿಗೆಯ ಮೂಲೆಯಲ್ಲಿ ನಿಂತಿದ್ದ ಆ ಮೋಟಾರ್ ಸೈಕಲ್ಲಿನ ಹತ್ತಿರ ಹೋದೆ. ಜಾರಿದ್ದು ಇವರ ಕೈಯಲ್ಲ, ಹಿಂದಿನ ಚಕ್ರ. ಬೀಳುವುದಕ್ಕೆ ಸ್ವಲ್ಪ ದಿನ ಮುಂಚೆಯಷ್ಟೇ ಆ ಚಕ್ರಕ್ಕೆ ಹೊಸ ಟೈರ್ ಹಾಕಿಸಿದ್ದರು. ಹೊಸ ಟೈರ್ ಯಾಕೆ ಜಾರಿತು? ಎಲ್ಲಿ ಮಾಡಿದ್ದು ಇದು? ಯಾವ ಫ್ಯಾಕ್ಟರಿಯಲ್ಲಿ ಯಾವ ಸೋಮಾರಿ ಮಾಡಿದ? ಟರ್ನ್ ಇಟ್ ಓವರ್.

ಟೈರಿನಲ್ಲಿರುವ ಕಷ್ಟ ಏನೆಂದರೆ ಅದಕ್ಕೆ ಅಡಿ ಎಂಬುದೇ ಇಲ್ಲ. ಬರೆದದ್ದೆಲ್ಲ ಬದಿಯ ಮೇಲೆ, ಅದೂ ಸುತ್ತಲೂ, ಕಪ್ಪಿನ ಮೇಲೆ ಕಪ್ಪಾಗಿ. ಕೈಯಲ್ಲಿ ಭೂತಕನ್ನಡಿ ಹಿಡಿದು, ಮೊದಲು ನೆಟ್ಟಗೆ ನಿಂತು, ಆಮೇಲೆ ಬಗ್ಗಿ, ಆಮೇಲೆ ನೆಲಕ್ಕೆ ಗೋಣಿ ಹಾಸಿ ಕೂತು, ಕುತ್ತಿಗೆ ತಿರುಗಿಸಿ ಓದಿದೆ. ಕಂಪನಿಯ ಹೆಸರು ಮಾತ್ರ ದೂರಕ್ಕೇ ಕಾಣುವ ಹಾಗಿತ್ತು. ಅಳತೆ ಇತ್ತು, ತಿರುಗುವ ದಿಕ್ಕಿಗೆ ಬಾಣದ ಗುರುತಿತ್ತು, ಮೇಡ್ ಇನ್ ಇಂಡಿಯಾ ಎಂದಿತ್ತು. ಇಂಡಿಯಾ ದೊಡ್ಡದು. ಅಷ್ಟು ಹೇಳಿದ್ದರೆ ಸಿಸ್ಟರ್ ನನ್ನನ್ನು ಮ್ಯಾಪಿನ ಮುಂದೆ ನಿಲ್ಲಿಸಿಯೇ ಊಟದ ಗಂಟೆ ಬಾರಿಸುತ್ತಿದ್ದರು. ಓದುತ್ತ ಓದುತ್ತ ಇನ್ನೊಂದು ಕಂಡಿತು. ರಬ್ಬರಿನ ಗೆರೆಗಳ ಸಂದಿಯಲ್ಲಿ ಸಣ್ಣ ಸಣ್ಣ ಬಿರುಕುಗಳು, ನನ್ನ ಹಿಮ್ಮಡಿಯ ಹಾಗೆ. ಉಗುರು ಒತ್ತಿದರೆ ಇಳಿಯಲಿಲ್ಲ. ಕಲ್ಲು.

ಕಂಪನಿಯ ಕಸ್ಟಮರ್ ಕೇರ್‌ಗೆ ಫೋನ್ ಮಾಡಿದೆ. ಕನ್ನಡಕ್ಕೆ ಒಂದು ಗುಂಡಿ, ಇಂಗ್ಲಿಷಿಗೆ ಒಂದು ಗುಂಡಿ. ಬೈಯಲು ನನಗೆ ಎರಡೂ ಬೇಕಿತ್ತು, ಒಂದನ್ನೇ ಒತ್ತಬೇಕೆಂದರು. ತುಂಬ ಹೊತ್ತು ಸಂಗೀತ ಕೇಳಿಸಿದ ಮೇಲೆ ಒಬ್ಬಳು ಹುಡುಗಿ ಸಿಕ್ಕಿದಳು. ನಾನು ಸಿದ್ಧಮಾಡಿಟ್ಟುಕೊಂಡಿದ್ದ ಭಾಷಣವನ್ನೆಲ್ಲ ಅವಳು ಮಧ್ಯೆ ಬಾಯಿ ಹಾಕದೆ ಕೇಳಿದಳು, ಹಾಗೆ ಕೇಳಿಸಿಕೊಳ್ಳುವುದೇ ಅವಳ ಕೆಲಸವಿರಬೇಕು. ಕೊನೆಗೆ, ಬದಿಯಲ್ಲಿ ಅಕ್ಷರ ಮತ್ತು ಅಂಕಿ ಬೆರೆತ ಒಂದು ಸಾಲು ಇರುತ್ತದೆ, ಅದನ್ನು ಓದಿ ಮೇಡಂ ಎಂದಳು. ಮೊದಲ ಅಕ್ಷರಗಳಿಂದ ಫ್ಯಾಕ್ಟರಿ ತಿಳಿಯುತ್ತದಂತೆ. ತಮಿಳುನಾಡಿನದು ಎಂದಳು. ಕೊನೆಯ ನಾಲ್ಕು ಅಂಕಿಗಳಲ್ಲಿ ಮೊದಲೆರಡು ಮಾಡಿದ ವಾರ, ಮತ್ತೆರಡು ಮಾಡಿದ ವರ್ಷ. ನಾನು ಓದಿದೆ.

"ಮೇಡಂ, ಇದು ತುಂಬ ಹಳೇದು" ಎಂದಳು.

ಬಿದ್ದ ದಿನದಿಂದ ಇವರ ಹೊರತು ಬೇರೆ ಯಾವುದನ್ನಾದರೂ ಹಳೆಯದು ಎಂದವಳು ಅವಳೊಬ್ಬಳೇ. ಗಾಡ್ ಬ್ಲೆಸ್ ಹರ್. ಆ ವರ್ಷ ಯಾವುದೆಂದು ಲೆಕ್ಕ ಹಾಕಿದರೆ, ನಮ್ಮ ಮೊಮ್ಮಗಳು ಎಲ್‌ಕೆಜಿ ಸೇರಿದ ವರ್ಷ. ಅವಳೀಗ ಹೈಸ್ಕೂಲಿನಲ್ಲಿ ನನಗೇ ಇಂಗ್ಲಿಷ್ ಉಚ್ಚಾರ ತಿದ್ದುತ್ತಾಳೆ. ತಮಿಳುನಾಡಿನ ಆ ಫ್ಯಾಕ್ಟರಿಯವರು ತಮ್ಮ ಕೆಲಸವನ್ನು ಸರಿಯಾಗಿಯೇ ಮಾಡಿ, ಯಾವತ್ತೋ ಕಳಿಸಿ, ಕೈ ತೊಳೆದುಕೊಂಡಿದ್ದರು. ಅಲ್ಲಿಂದ ಹೊರಟದ್ದು ಇಷ್ಟು ವರ್ಷ ಎಲ್ಲಿ ಕೂತಿತ್ತು?

ಕೇಳಬೇಕಾದವನು ಹೊಸನಗರದಲ್ಲಿದ್ದ. ಟೈರ್ ಮಾರಿದ ಗಣಪತಣ್ಣ. ಇವರಿಗೆ ಹಳೆಯ ಪರಿಚಯ, ಅವನ ಮನೆಯ ದನಗಳ ಮೂರು ತಲೆಮಾರು ಇವರ ಕೈಯಲ್ಲೇ ಹುಟ್ಟಿದ್ದು. ನಾನು ಇವರಿಗೆ ಏನೂ ಹೇಳಲಿಲ್ಲ. ಪಂಕ್ಚರ್ ಅಂಗಡಿಯವನನ್ನು ಕರೆಸಿ ಟೈರ್ ಬಿಚ್ಚಿಸಿ, ಅದನ್ನು ಹ್ಯಾಂಡ್‌ಬ್ಯಾಗಿನ ಹಾಗೆ ಹೆಗಲಿಗೆ ಹಾಕಿಕೊಂಡು, ಹೊಸನಗರದ ಬಸ್ಸು ಹತ್ತಿದೆ.

ಕಂಡಕ್ಟರ್ ಟಿಕೆಟ್ ಹರಿಯುತ್ತ, "ಅಜ್ಜೀ, ಬಸ್ಸಿಗೆ ಸ್ಟೆಪ್ನಿ ಇದೆ, ನೀವ್ಯಾಕೆ ತಂದ್ರಿ" ಎಂದ. ಹಿಂದಿನ ಸೀಟಿನವರೆಲ್ಲ ನಕ್ಕರು. ಬೇರೆ ದಿನವಾದರೆ ನಾನೂ ನಗುತ್ತಿದ್ದೆ. ಅವತ್ತು, ಅಜ್ಜಿ ಅನ್ನುವ ಮೊದಲು ಅವನ ಬಸ್ಸಿನ ಟೈರುಗಳ ವಯಸ್ಸು ಎಷ್ಟೆಂದು ಗೊತ್ತಿದೆಯಾ ಎಂದು ಕೇಳಿದೆ. ಅವನು ಮುಂದಿನ ಸೀಟಿಗೆ ಹೋದ. ನಗುತ್ತಿದ್ದವರೂ ಕೆಳಗೆ ಚಕ್ರ ಇದ್ದ ಕಡೆ ಒಮ್ಮೆ ಬಗ್ಗಿ ನೋಡಿದರು.

ಪಕ್ಕದಲ್ಲಿ ಕೂತಿದ್ದ ಹೆಂಗಸು ಮೂಗು ಅರಳಿಸಿ, "ಎಂತ ಅಮ್ಮ ಇದು, ಬಚ್ಚಲೊಲೆ ಹೊಗೆ ವಾಸ್ನೆ ಬರ್ತಿದೆ" ಎಂದಳು. ನಾನೂ ಟೈರ್ ಮೂಸಿದೆ. ಹೌದು, ರಬ್ಬರಿನ ವಾಸನೆಯ ಕೆಳಗೆ ಸೌದೆಯ ಹೊಗೆ. ಆಗ ಅದೇನೆಂದು ನನಗೆ ಹೊಳೆಯಲಿಲ್ಲ.

ಹೊಸನಗರ ಹತ್ತಿರ ಬಂದಂತೆ ರಸ್ತೆಯ ಬದಿಯ ರಬ್ಬರ್ ತೋಟಗಳು ಕಂಡವು. ಸೊಂಟಕ್ಕೆ ಪ್ಲಾಸ್ಟಿಕ್ ಲಂಗ ಕಟ್ಟಿಕೊಂಡು, ಕೆಳಗೊಂದು ಕರಟ ಹಿಡಿದು ನಿಂತ ಮರಗಳು. ರಬ್ಬರ್ ಬೆಳೆಯುವುದು ಮಲಯಾ ದೇಶದಲ್ಲಿ ಎಂದು ಓದಿ ನಾನು ಮಾರ್ಕ್ಸ್ ತೆಗೆದುಕೊಂಡಿದ್ದೆ. ಈಗ ನಮ್ಮ ಮನೆಯ ದಾರಿಯಲ್ಲೇ ಬೆಳೆಯುತ್ತದೆ. ನನ್ನ ತೊಡೆಯ ಮೇಲಿದ್ದ ಟೈರಿನ ಹಾಲು ಇದೇ ಮರಗಳದ್ದಾಗಿದ್ದರೆ? ಇಲ್ಲಿಂದ ಘಟ್ಟ ಇಳಿದು, ತಮಿಳುನಾಡಿಗೆ ಹೋಗಿ ಟೈರಾಗಿ, ತಿರುಗಿ ಇಲ್ಲಿಗೇ ಬಂದು ನನ್ನ ಗಂಡನನ್ನು ಕೆಡವಿದ್ದರೆ, ಇದು ಹುಟ್ಟಿದ ಊರು ಯಾವುದು? ಈ ಪ್ರಶ್ನೆ ನನಗೂ ಅನ್ವಯಿಸುತ್ತದೆ. ಕಚ್ಚಾ ಮಾಲು ಮೇಳಿಗೆಯದು, ಅಚ್ಚು ಹಾಕಿದ್ದು ಶಿವಮೊಗ್ಗದ ಕಾನ್ವೆಂಟಿನಲ್ಲಿ, ಸವೆದದ್ದು ಸಾಗರದಲ್ಲಿ. ಯಾರಾದರೂ ಮಗುಚಿ ನೋಡಿದರೆ ನನ್ನ ಅಡಿಯಲ್ಲಿ ಏನು ಬರೆದಿರುತ್ತದೆ? ಇಂಥ ಯೋಚನೆಗಳಿಂದ ಸಿಟ್ಟು ತಣ್ಣಗಾಗುವ ಅಪಾಯವಿರುವುದರಿಂದ ಕಿಟಕಿಯಿಂದ ಮುಖ ತಿರುಗಿಸಿದೆ.

ಗಣಪತಣ್ಣನ ಅಂಗಡಿ ಅವನ ಮನೆಗೇ ಅಂಟಿಕೊಂಡಿದೆ. ಅವನು ನನ್ನನ್ನೂ ಟೈರನ್ನೂ ನೋಡಿ, ಬಾಯಾರಿಕೆಗೆ ಎಂತ ಕೊಡಲಿ ಎಂದು ಕೇಳಿದ. ನಾನು ಏನೂ ಬೇಡ ಎಂದು ಟೈರನ್ನು ಅವನ ಮೇಜಿನ ಮೇಲೆ ಇಟ್ಟೆ. ಹಳೆಯ ಟೈರನ್ನು ಹೊಸದೆಂದು ಮಾರಿದ್ದೀಯ ಎಂದೆ. ಅವನಿಗೆ ನಿಜವಾಗಿಯೂ ನೋವಾಯಿತು.

"ಹೊಸದೇ ಅಮ್ಮ. ಒಂದು ದಿನ ರೋಡ್ ಮುಟ್ಟಿದ್ದಲ್ಲ."

ನಾನು ಆ ನಾಲ್ಕು ಅಂಕಿಗಳನ್ನು ತೋರಿಸಿದೆ. ಅವನು ಅವನ್ನು ಒಪ್ಪಿದ, ಅದರಿಂದ ಏನಾಯಿತು ಎಂಬುದು ಮಾತ್ರ ಅವನಿಗೆ ಅರ್ಥವಾಗಲಿಲ್ಲ. ಯಾವುದೋ ವರ್ಷ ಈ ಟೈರುಗಳು ಖರ್ಚಾಗದೆ ಉಳಿದವಂತೆ. ಅಂಗಡಿಯಲ್ಲಿಟ್ಟರೆ ಮಳೆಗಾಲದಲ್ಲಿ ಬೂಷ್ಟು ಹಿಡಿಯುತ್ತದೆ, ಇಲಿ ಕಡಿಯುತ್ತದೆ. ಅದಕ್ಕೆ ಮನೆಯೊಳಗೆ ಬಚ್ಚಲೊಲೆಯ ಮೇಲಿನ ಅಟ್ಟದಲ್ಲಿಟ್ಟು ಜೋಪಾನ ಮಾಡಿದ್ದನಂತೆ. ಮಾರುವಾಗ ಮಸಿ ಒರೆಸಿ ಸ್ವಲ್ಪ ಕೊಬ್ಬರಿ ಎಣ್ಣೆಯನ್ನೂ ಹಚ್ಚಿದ್ದನಂತೆ, ಡಾಕ್ಟರರಿಗೆ ಕೊಡುವುದೆಂದು.

"ನಮ್ಮನೆ ಅಟ್ಟದಲ್ಲಿ ಇಟ್ಟಿದ್ದು ಇವತ್ತಿನವರೆಗೆ ಒಂದೂ ಹಾಳಾಗಿದ್ದಿಲ್ಲ ಅಮ್ಮ" ಎಂದ, ಹೆಮ್ಮೆಯಿಂದಲೇ.

ಅವನು ಒಳಗೆ ತಿರುಗಿ ಹೆಂಡತಿಯನ್ನು ಕೂಗಿ, "ಏ, ಅಟ್ಟದ ಮೇಲೆ ಇನ್ನೂ ಟೈರ್ ಇದ್ದು ಅಲ್ದನೇ?" ಎಂದು ತಮ್ಮ ಮನೆಮಾತಿನಲ್ಲಿ ಕೇಳಿದ. ಒಳಗಿನಿಂದ, "ಒಂದೇ ಇದ್ದು. ಸೌತೆಬೀಜದ ಗಂಟು ಅದ್ರ ಮೇಲೇ ಇಟ್ಟಿದ್ದಿ" ಎಂದು ಉತ್ತರ ಬಂತು.

ನಮ್ಮ ಸೀಮೆಯಲ್ಲಿ ಆ ಅಟ್ಟಕ್ಕೆ ಇರುವ ಮರ್ಯಾದೆ ನಿಮಗೆ ಗೊತ್ತಿರಬಹುದು. ಬಿತ್ತನೆಯ ಬೀಜ, ಬಿದಿರಿನ ಬುಟ್ಟಿ, ಹಗ್ಗ, ಕಂಬಳಿ, ಯಾವುದನ್ನು ಮಳೆಯಿಂದ ಕಾಪಾಡಬೇಕೋ ಅದು ಅಲ್ಲಿಗೆ ಹೋಗುತ್ತದೆ. ಹೊಗೆ ಕುಡಿದು ಗಟ್ಟಿಯಾಗುತ್ತದೆ. ಅಜ್ಜಂದಿರ ಕಾಲದಿಂದ ಸರಿಬಂದ ವಿದ್ಯೆಯನ್ನು ಅವನು ಟೈರಿಗೂ ಮಾಡಿದ್ದ. ರಬ್ಬರೂ ಗಟ್ಟಿಯಾಯಿತು. ಗಟ್ಟಿಯಾದದ್ದೇ ಜಾರಿತು. ಮೋಸ ಮಾಡಿದ್ದರೆ ಬೈಯುವುದು ಸುಲಭವಾಗುತ್ತಿತ್ತು. ಪ್ರೀತಿಯಿಂದ ಎಣ್ಣೆ ಹಚ್ಚಿ ನನ್ನ ಗಂಡನ ಮೂಳೆ ಮುರಿದವನನ್ನು ಯಾವ ಭಾಷೆಯಲ್ಲಿ ಬೈಯಲಿ? ಎರಡರಲ್ಲೂ ಬೈದೆ. ಹೌ ಡೇರ್ ಯು ಎಂಬಲ್ಲಿ ಶುರುವಾದದ್ದು ನಿನ್ನ ಅಟ್ಟಕ್ಕಿಷ್ಟು ಬೆಂಕಿ ಹಾಕ ಎಂಬಲ್ಲಿ ನಿಂತಿತು. ಒಳಗಿನಿಂದ ಅವನ ಹೆಂಡತಿ ಬಂದು, ಮಜ್ಜಿಗೆಯ ಲೋಟ ಹಿಡಿದು ನಿಂತು, ಗಂಡನ ಕಡೆ ನೋಡಿ, ಹೇಳಿದ್ದೆ ಅಲ್ದಾ ಎಂಬ ಮುಖ ಮಾಡಿದಳು. ಮಜ್ಜಿಗೆ ಕುಡಿದೆ. ಬೈದು ಗಂಟಲು ಒಣಗಿತ್ತು. ಲೋಟವನ್ನು ಮಗುಚಿಯೂ ನೋಡಿದೆ, ಅದು ಕೈಯ ಅಭ್ಯಾಸ.

ಗಣಪತಣ್ಣ ಮೆತ್ತಗಾದ. ಬೇರೆ ಟೈರ್ ಕೊಡುತ್ತೇನೆ, ಆಸ್ಪತ್ರೆಯ ಖರ್ಚೂ ಕೊಡುತ್ತೇನೆ ಎಂದ. ಟೈರ್ ತೆಗೆದುಕೊಂಡು ಬಾ ಎಂದೆ, ಖರ್ಚು ಬೇಡ ಎಂದೆ. ಭಾನುವಾರ ಸಾಗರಕ್ಕೆ ನಮ್ಮ ಮನೆಗೆ ಬಂದು, ನನಗೆ ಹೇಳಿದ್ದನ್ನೇ ಡಾಕ್ಟರರ ಎದುರು, ನನ್ನ ಮಗನ ಎದುರು ಹೇಳಬೇಕು. ಅಷ್ಟೇ. ಅವನಿಗೆ ಖರ್ಚು ಕೊಡುವುದೇ ಹಗುರವಾಗಿ ಕಂಡಿತೋ ಏನೋ, ತುಂಬ ಹೊತ್ತು ಟೈರಿನ ಮೇಲೆ ಕೈಯಾಡಿಸುತ್ತ ನಿಂತಿದ್ದ. ಕೊನೆಗೆ ಬರುತ್ತೇನೆ ಎಂದ. ಹಳೆಯ ಟೈರನ್ನು ನಾನು ಮತ್ತೆ ಹೆಗಲಿಗೇರಿಸಿಕೊಂಡು ಸಾಗರದ ಬಸ್ಸು ಹತ್ತಿದೆ.

ಬಂದ. ಶ್ರೀಧರನನ್ನೂ ಏನೋ ನೆಪ ಹೇಳಿ ಕರೆಸಿದ್ದೆ. ಗಣಪತಣ್ಣ ಹೊಸ ಟೈರನ್ನು ಬಾಗಿಲಿಗೆ ಒರಗಿಸಿ, ಕುರ್ಚಿಯ ತುದಿಯಲ್ಲಿ ಕೂತ. ಅದರ ನಾಲ್ಕು ಅಂಕಿಗಳನ್ನು ನಾನು ಮೊದಲು ಓದಿ ನೋಡಿದೆ. ಸರಿಯಿತ್ತು.

"ಡಾಕ್ಟ್ರೇ, ನಿಮ್ಮ ಕೈ ತಪ್ಪಿದ್ದಲ್ಲ" ಎಂದ ಗಣಪತಣ್ಣ. "ಟೈರ್ ಹಳೇದು. ನಾನು ಅಟ್ಟದಲ್ಲಿ ಇಟ್ಕಂಡಿದ್ದೆ."

ಇವರು ಅವನನ್ನೇ ನೋಡಿದರು. "ಎಲ್ಲಿ, ಬಚ್ಚಲೊಲೆ ಮೇಲಾ?"

"ಹೌದು."

"ಎಣ್ಣೆನೂ ಹಚ್ಚಿದ್ಯಾ ಮಾರಾಯ?"

"ಸ್ವಲ್ಪ."

ಇವರು ನಗತೊಡಗಿದರು. ಭುಜ ನೋಯುವವರೆಗೂ ನಕ್ಕು, ಭುಜವನ್ನು ಎಡಗೈಯಲ್ಲಿ ಹಿಡಿದುಕೊಂಡು ಮತ್ತೂ ನಕ್ಕರು. ಆಮೇಲೆ ಬಲಗೈಯನ್ನು ಮುಂದೆ ಚಾಚಿ ಒಮ್ಮೆ ನೋಡಿಕೊಂಡರು. ನಡುಗಲಿಲ್ಲ. ಅದನ್ನು ನೋಡಿದ್ದು ನಾನೊಬ್ಬಳೇ ಅಂದುಕೊಂಡಿದ್ದೆ, ಶ್ರೀಧರನೂ ನೋಡಿದ್ದ. ಆದರೂ ಮೇಷ್ಟರ ಬುದ್ಧಿ. "ಅದೆಲ್ಲ ಸರಿ ಅಮ್ಮ. ಆದ್ರೂ ಅಪ್ಪಯ್ಯನಿಗೆ ವಯಸ್ಸಾಯ್ತಲ್ಲ" ಎಂದ.

ನಾನು ಹಳೆಯ ಟೈರನ್ನು ತಂದು ಅವನ ಮುಂದೆ ಹಾಕಿದೆ. "ನೋಡು. ನೀನು ಫಿಸಿಕ್ಸ್ ಓದಿದವನು. ಇದು ಓಡಿ ಓಡಿ ಒಡೆದದ್ದಾ?"

ಅವನು ಬಗ್ಗಿ ಬಿರುಕುಗಳ ಮೇಲೆ ಬೆರಳಾಡಿಸಿದ. ಘರ್ಷಣೆಯ ಪಾಠ ಅವನ ಮುಖದಲ್ಲಿ ನಿಧಾನವಾಗಿ ಓಡಿತು.

"ಜೋಪಾನ ಮಾಡಿ ಇಟ್ಟೇ ಒಡೆದದ್ದು. ಈಗ ನಿಮ್ಮಪ್ಪಯ್ಯನ್ನ ಯಾವ ಅಟ್ಟಕ್ಕೆ ಹತ್ತಿಸ್ಬೇಕು ಅಂತಿದೀಯ?"

ಗಣಪತಣ್ಣ ತಲೆ ತಗ್ಗಿಸಿದ, ಪಾಪ, ಅಟ್ಟ ಎಂದಾಗಲೆಲ್ಲ ತನಗೇ ಹೇಳಿದ್ದೆಂದು ಅವನಿಗೆ. ಊಟವಾಗಿ ಹೊರಡುವಾಗ ಶ್ರೀಧರ ಜೇಬಿನಿಂದ ಕೀ ತೆಗೆದು ಮೊಳೆಗೆ ತೂಗುಹಾಕಿದ. ಕತ್ತಲಾದ ಮೇಲೆ ಮಾತ್ರ ಬೇಡ ಅಪ್ಪಯ್ಯ ಎಂದ. ಆಯ್ತು ಎಂದರು ಇವರು. ಅದು ನ್ಯಾಯ, ಅದರಲ್ಲಿ ನನಗೂ ತಕರಾರಿಲ್ಲ.

ಮೊನ್ನೆ ಬಟ್ಟೆಮಲ್ಲಪ್ಪದ ಕಡೆಯಿಂದ ಮತ್ತೆ ಫೋನ್ ಬಂತು, ಎಮ್ಮೆಯದು. ಇವರು ಹೆಲ್ಮೆಟ್ ಹಾಕುತ್ತಿದ್ದಂತೆ ನಾನೂ ನನ್ನದನ್ನು ಹಾಕಿಕೊಂಡೆ. ಹಿಂದೆ ಕೂತು, ಒಂದು ಕೈಯಲ್ಲಿ ಬ್ಯಾಗು, ಇನ್ನೊಂದರಲ್ಲಿ ಇವರ ಅಂಗಿ. ಆ ತಿರುವು ಬಂದಾಗ ಇವರು ವೇಗ ತಗ್ಗಿಸಿದರು, ನಾನು ಅಂಗಿಯನ್ನು ಸ್ವಲ್ಪ ಬಿಗಿಯಾಗಿ ಹಿಡಿದೆ. ಹೊಸ ಟೈರ್ ರಸ್ತೆಯನ್ನು ಕಚ್ಚಿಕೊಂಡು ತಿರುಗಿತು. ಎಮ್ಮೆಯ ಮನೆಯಲ್ಲಿ ಯಜಮಾನರು ಟೀ ಕೊಡುತ್ತ, ಈ ವಯಸ್ಸಿನಲ್ಲಿ ನೀವೂ ಬೈಕ್ ಮೇಲೆ ಬರುವುದಾ ಅಮ್ಮ ಎಂದರು. ಪಾಪ, ಒಳ್ಳೆಯ ಮಾತೆಂದೇ ಹೇಳಿದ್ದು. ನಾನು ಟೀ ಕುಡಿದು, ಅವರ ಕಣ್ಣೆದುರೇ ಕಪ್ಪು ಮಗುಚಿ, ಅದು ಎಲ್ಲಿ ಮಾಡಿದ್ದೆಂದು ಓದಿ, ಆಮೇಲೆ ಅವರಿಗೆ ಟೈರಿನ ಕಥೆಯನ್ನು ಮೊದಲಿನಿಂದ ಹೇಳಿದೆ, ಎಲ್ಲಿ ಸಿಟ್ಟು ಬರಬೇಕೋ ಅಲ್ಲೆಲ್ಲ ಸಿಟ್ಟು ಮಾಡಿಕೊಂಡು.

ಬರುವಾಗ ದಾರಿಯಲ್ಲಿ ಇವರು, ಇನ್ನಾದರೂ ಆ ಸಿಟ್ಟು ಬಿಡು ಮಾರಾಯ್ತಿ ಎಂದರು. ಬಿಡುವುದಿಲ್ಲ ಎಂದೆ. ಎತ್ತಿಟ್ಟರೆ ಗಟ್ಟಿಯಾಗಿ ಬಿರುಕು ಬಿಡುತ್ತದೆ. ಅದಕ್ಕೆ ದಿನಾ ಸ್ವಲ್ಪ ಓಡಿಸುತ್ತಿದ್ದೇನೆ.